ಬ್ಲಾಕ್ ಇಲ್ಲದ ಎದಿ

...ಪಾಟಿ ಇಡು ಕೆಳಗ, ಪೂನಮ್. ಇಡು ಅಂತೇನಿ. ನೀ ಬರಿಯೂದು, ನಾ ಚಷ್ಮಾ ಹುಡುಕೂದು, ಅಷ್ಟರಾಗ ನನ್ನ ಗಾಡಿ ಬೆಳಗಾವಿ ಮುಟ್ಟಿರತೈತಿ. ನೀ ಏನೂ ಹೇಳೂದು ಬ್ಯಾಡ. ಇವತ್ತ ನಿನ್ನ ವೈನಿ ಹೇಳ್ತಾಳ, ನೀ ಕೇಳು. ನಾ ನಿಮ್ಮ ಮನಿಗೆ ಸೊಸಿಯಾಗಿ ಬಂದು ಇಪ್ಪತ್ತೆರಡ ವರ್ಷ ಆತು, ನಾ ಮಾತಾಡಿ ನೀ ಕೇಳೂದು ಇದ ಮದಲನೇ ಸಲ ಇರಬೇಕು.

ನಗು, ನಗು. ಮೌನ ವ್ರತದಾಗ ನಗಾಕ ಅಡ್ಡಿ ಇಲ್ಲಲ್ಲ?

ಹಂಗ ಬಾಗಲಾ ನೋಡಬ್ಯಾಡ, ನನ್ನ ಹಿಂದ ಯಾರೂ ಬಂದಿಲ್ಲ. ಒಬ್ಬಾಕಿನ ಬಂದೇನಿ. ಕಾಲೇಜಿಗೆ ಹೋಗಿ ರಜಾ ಚೀಟಿ ಕೊಟ್ಟ ಬರ್ತೀನಿ ಅಂತ ನಿಮ್ಮಣ್ಣಗ ಹೇಳಿ, ಆಟೋದಾಂವಗ ಸ್ಟೇಶನ್ ಅಂದ್ನಿ. ಮಾತ್ರಿ? ಐತಿ. ಇಲ್ಲೇ ಜಂಪರದಾಗ ಐತಿ. ನೋವು ಬಂದ್ರ ನಾಲಿಗಿ ಕೆಳಗ ಇಟ್ಟಕೊಳ್ಳೂದು. ತಾಯತ ಕಟ್ಟಿಕೊಂಡಾಕಿ ಹಂಗ ತಿರಗಾಕತ್ತೇನಿ, ಜೀವಶಾಸ್ತ್ರ ಕಲಸಾಕಿ. ಕುಂದರು ನೀನೂ. ನಿಂತ ಕೇಳೂ ಮಾತಲ್ಲ ಇದು.

ನಿನ್ನ ಗಂಡ ನನ್ನ ನೋಡಿ ಅಂಗಡಿ ಬಾಗಲದಾಗ ಬಟ್ಟಿ ಥಾನ ಕೈಯಾಗ ಹಿಡದಾಂವ ಹಂಗ ನಿಂತಬಿಟ್ಟ. ಹತ್ತೊಂಬತ್ತ ದಿನಾ ಆತಂತ. ಒಂದ ಜಂಪರ ಪೀಸ್ ಕೇಳಾಕ ಬಂದಾಕಿಗೆ ಮೂರ ಸೀರಿ ಹೊರಸಿ ಕಳಸಾಕಿ ನೀನು, ಈಗ ಪಾಟಿ ಮ್ಯಾಲ 'ಬಣ್ಣ ಹೋಗೂದಿಲ್ಲ' ಅಂತ ಬರದ ತೋರಸ್ತೀಯಂತ. ಮರಾಠಿ ಹೆಂಗಸೂರು ಕೇಳಿದ್ರ ಕನ್ನಡದಾಗ ಬರೀತಿ, ಅವರಿಗೆ ಓದಾಕ ಬರೂದಿಲ್ಲ. ಇಷ್ಟ ಹೇಳಿ ಪಾರೀಸ ನಕ್ಕ. ನಕ್ಕಾಂವ ಅಲ್ಲೇ ಥಾನದ ತುದೀಲೆ ಕಣ್ಣ ಒರಸ್ಕೊಂಡ. ನಾ, ಒಳಗ ಅದಾಳೇನ್ರಿ ಅಂತ ಕೇಳಿ ಬಂದಬಿಟ್ನಿ.

ನೀ ಮದಲನೇ ದಿನಾ ಏನ ಬರದಿದ್ದಿ ಅಂತ ನನಗ ಗೊತ್ತೈತಿ. 'ವೈನಿ ಪೂರ್ತಿ ಆರಾಮ ಆಗೂತನಕ ಮಾತಾಡಂಗಿಲ್ಲ.' ಪಾರೀಸ ಫೋಟೋ ಹೊಡದು ನಿಮ್ಮಣ್ಣಗ ಕಳಸಿದ್ದ. ನಿಮ್ಮಣ್ಣ ಅದನ್ನ ಓದಿ, ನೋಡು, ತಪ್ಪ ಒಪ್ಪಿಕೊಂಡಾಳ ಅಂದ್ರು. ನಾ ಆಸ್ಪತ್ರಿ ಕಾಟ್ ಮ್ಯಾಲ ಇದ್ನಿ. ಕಣ್ಣ ಮುಚ್ಚಿದ್ನಿ. ನಿದ್ದಿ ಬಂದಿರಲಿಲ್ಲ.

ಇರಲಿ. ಆ ಮಾತಿಗೆ ಬರ್ತೇನಿ.

ನಾಳಿ ಮುಂಜಾನಿ ನನಗ ಒಂದ ಟೆಸ್ಟ್ ಐತಿ ಪೂನಮ್. ಅದಕ್ಕ ಬಂದೇನಿ. ನನಗ ಭಾಳ ಅಂಜಿಕಿ ಬಂದೈತಿ. ಇಷ್ಟ ವರ್ಷ ಹುಡುಗೂರ ಮುಂದ ಹಲಗಿ ಮ್ಯಾಲ ಹಾರ್ಟಿನ ಚಿತ್ರಾ ತಗದೇನಿ, ಕೆಂಪ ಸೀಮೆಸುಣ್ಣ ಒಂದ ಕಡೆ, ನೀಲಿ ಒಂದ ಕಡೆ, ಇಲ್ಲಿಂದ ಬರತೈತಿ, ಇಲ್ಲಿಂದ ಹೋಗತೈತಿ. ಒಂದ ದಿನಾನೂ ಅದು ನನ್ನದ ಅನಿಸಿರಲಿಲ್ಲ. ಈಗ ಮಲಗಿದ್ರ ಸಾಕು, ಕಿವ್ಯಾಗ ಅದ ಕೇಳತೈತಿ. ಒಂದ ಬಡಿತಕ್ಕೂ ಇನ್ನೊಂದಕ್ಕೂ ನಡೂವ ಇರೂ ಜಾಗಾ ಐತೆಲ್ಲ, ಅದ ಹೆಚ್ಚ ಕೇಳತೈತಿ.

ಮದಲಿಂದ ಹೇಳ್ತೇನಿ. ನಿನಗ ಯಾರೂ ಸರಿಯಾಗಿ ಹೇಳಿರಾಕಿಲ್ಲ. ನಿಮ್ಮಣ್ಣ ನಿನ್ನ ಮನಿ ಫೋನ್ ಎತ್ತೂದಿಲ್ಲ, ಅತ್ತಿ ಎತ್ತಿದ್ರೂ ಬರೇ ಅಳತಾರ.

ಅವತ್ತ ನಿನ್ನ ಪಾರಣಿ. ದಶಲಕ್ಷಣ ಪರ್ವದ ಹತ್ತೂ ದಿನ ಬರೇ ಬಿಸಿನೀರ ಕುಡದು ಉಪಾಸ ಮಾಡಿದ್ದಿ, ಹನ್ನೊಂದನೇ ಮುಂಜಾನಿ ತವರಮನ್ಯಾಗ ಉಪಾಸ ಬಿಡಬೇಕಂತ ಬೆಳಗಾವಿಗೆ ಬಂದಿದ್ದಿ. ಅತ್ತಿ ನಾಕಕ್ಕ ಎದ್ದು ಹೆಸರಬ್ಯಾಳಿ ಕಟ್ಟು ಕುದಸಾಕ ಇಟ್ಟಿದ್ರು. ಅದನ್ನ ಬಟ್ಟಲಕ್ಕ ಹಾಕೂದರಾಗ ನೀ ಕೇಳಿದಿ, ಅವ್ವನ್ನ ನಾಕ ದಿನ ಖಾನಾಪುರಕ್ಕ ಕಳಸ್ರಿ ಅಂತ. ಆಗೂದಿಲ್ಲ ಅಂದ್ನಿ. ಮಣಕಾಲ ನೋವು ಅಂದ್ನಿ, ನಿಮ್ಮ ಮನಿ ಮೆಟ್ಟಲಾ ಎತ್ತರ ಅಂದ್ನಿ, ಬಸ್ಸು, ರಸ್ತೆ, ಮಳಿ. ಏನೇನೋ ಅಂದ್ನಿ. ಆವಾಗ ನೀ ಆ ಮಾತ ಅಂದಿ. "ವೈನಿ, ನಿಮಗ ಎದಿ ಅನ್ನೂದ ಐತೋ ಇಲ್ಲೋ?"

ತಲಿ ಬಗ್ಗಸಬ್ಯಾಡ. ಅಂದಿ, ಅಂದಿ. ನಾನೂ ನಿನಗ ಏನೇನ ಅಂದಿಲ್ಲ ಇಷ್ಟ ವರ್ಷದಾಗ.

ನಾ ಎದ್ದು ಬಚ್ಚಲಕ್ಕ ಹೋದ್ನಿ. ಹತ್ತ ನಿಮಿಷದಾಗ ಒಳಗಿಂದ ಧಪ್ ಅಂತ ಸಪ್ಪಳಾತು.

ಇಷ್ಟ, ಮನಿ ಮಂದಿಗೆಲ್ಲಾ ಗೊತ್ತಿದ್ದು. ಹತ್ತ ದಿನದ ಉಪಾಸದಾಕಿ, ಇನ್ನೂ ಬಾಯಿಗೆ ಅನ್ನ ಮುಟ್ಟಿಸಿಲ್ಲ, ಅಂಥಾಕಿ ಬಾಯಿಂದ 'ಎದಿ ಐತೋ ಇಲ್ಲೋ' ಅಂತ ಬಂತು, ಹತ್ತ ನಿಮಿಷದಾಗ ವೈನಿ ಎದಿ ಹಿಡಕೊಂಡ ಬಿದ್ಲು. ತಪಸ್ಸು ಮಾಡಿದಾಕಿ ಮಾತು ಹತ್ತತೈತಿ ಅಂತ ನಮ್ಮವರಿಗೆ ಯಾರ ಹೇಳಿ ಕೊಡಬೇಕು? ಅತ್ತಿ ಐಸಿಯು ಬಾಗಲದಾಗ ಕುಂತ ಅದನ್ನ ಅಂದ್ರಂತ. ನನ್ನ ಮಗಳಿಗೆ ಆ ಹೊತ್ತಿನ್ಯಾಗ ಬಾಯಿ ಯಾಕ ಬಂತು ಅಂತ. ನಿಮ್ಮಣ್ಣ ಎಂಜಿನಿಯರು. ನೀರಾವರಿ ಇಲಾಖ್ಯಾಗ ಡ್ಯಾಮಿನ ಲೆಕ್ಕಾ ಮಾಡಾಂವ. ಅವರೂ ನಂಬಿದ್ರು. ನಿನಗ ಮನಿ ಹೊಸ್ತಲಾ ದಾಟಬ್ಯಾಡ ಅಂದ್ರು.

ಆಸ್ಪತ್ರ್ಯಾಗ ಇಸಿಜಿ ತಗದ್ರು, ಗೆರಿ ಎದ್ದಿದ್ದು. ರಕ್ತಾ ತಗದ್ರು. ಟ್ರೊಪೋನಿನ್ ಅಂತ ಐತಿ ಒಂದು, ಹಾರ್ಟಿನ ಸ್ನಾಯು ಸಾಯಾಕತ್ತಿದ್ರ ರಕ್ತದಾಗ ಸೋರತೈತಿ. ಅದೂ ಏರಿತ್ತು. ಹಾರ್ಟ್ ಅಟ್ಯಾಕ್, ಸಂಶಯನ ಇಲ್ಲ ಅಂದ್ರು. ಮುಂಗೈ ನರದಾಗಿಂದ ಸಣ್ಣ ತಂತಿ ಹಾಕಿ ಆಂಜಿಯೋಗ್ರಾಮ್ ಮಾಡಿದ್ರು. ನನಗ ಎಚ್ಚರ ಇತ್ತು, ಬಾಜುಕ ಟಿವಿಯಾಗ ನನ್ನ ಹಾರ್ಟಿನ ನಳಿ ಕಾಣತಿದ್ದು, ಎಲಿ ಉದುರಿದ ಗಿಡದ ಟೊಂಗಿ ಹಂಗ. ಡಾಕ್ಟರ್ ಅಮರ ಅಂತ, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನಾಂವ. ಹಾರ್ಟಿನ ಡಾಕ್ಟರಗ ಇದಕ್ಕಿಂತ ಛಲೋ ಹೆಸರ ಎಲ್ಲಿ ಸಿಗಬೇಕು. ಆತ ನೋಡಿದ, ಮತ್ತ ನೋಡಿದ, ತಂತಿ ಹೊರಳಿಸಿ ನೋಡಿದ. ಮೇಡಂ, ಬ್ಲಾಕ್ ಎಲ್ಲೂ ಇಲ್ರಿ ಅಂದ.

ನಿಮ್ಮಣ್ಣ ಕೂಡಲೇ ನರ್ಸುಗೋಳಿಗೆ ಕುಂದಾ ತರಸಿ ಹಂಚಿದ್ರು. ಊರ ಮಂದಿ ನೋಡಾಕ ಬಂದ್ರು. ಬ್ಲಾಕ್ ಇಲ್ಲಂದ್ರ ಅಟ್ಯಾಕ್ ಎಲ್ಲಿಂದ ಬರತೈತ್ರಿ ಅಂದ್ರು. ಗ್ಯಾಸ್ ಅಂದ್ರು. ನಮ್ಮ ಶಿವಲಿಂಗವ್ವ ಮೇಡಂ, ಕಾಲೇಜಿನಾಕಿ, ಅಜವಾನದ ಪುಡಿ ಡಬ್ಬಿ ತಂದಕೊಟ್ಲು. ಕಾರಿಡಾರದಾಗ ಯಾರೋ ನಾಟಕ ಅಂತನೂ ಅಂದ್ರಂತ. ನಗಬೇಕೋ ಅಳಬೇಕೋ? ಎದಿ ಮ್ಯಾಲ ಒಳಕಲ್ಲ ಇಟ್ಟಂಗ ಆಗಿತ್ತ ನನಗ, ಎಡಗೈ ಬೆರಳ ತುದಿತನಕ ಸೆಳದಿತ್ತು, ಬೆವರು ಸೀರಿಯೆಲ್ಲಾ ತೋದಿತ್ತು. ಅದಕ್ಕ ಅಜವಾನ.

ಎಲ್ಲಾರೂ ಹ್ವಾದಮ್ಯಾಲ ಅಮರ ಡಾಕ್ಟರ್ ಬಂದು ಕುರ್ಚಿ ಎಳಕೊಂಡ ಕುಂತ. ಅಟ್ಯಾಕ್ ಆಗೇದ, ಖರೇನ ಆಗೇದ, ಗ್ಯಾಸ್ ಅಲ್ಲ ಅಂದ. ಬ್ಲಾಕ್ ಇದ್ರ ನಮಗ ಕೆಲಸಾ ಹಗರ್ರಿ ಮೇಡಂ, ಸ್ಟೆಂಟ್ ಹಾಕಿ ಮುಗಸ್ತೇವಿ, ಬ್ಲಾಕ್ ಇಲ್ಲದ್ದ ಯಾಕ ಆತು ಅಂತ ಹುಡುಕೂದ ದೊಡ್ಡ ಕೆಲಸಾ ಅಂದ. ಹೆಂಗಸೂರಿಗೆ, ಅದರಾಗ ನನ್ನ ವಯಸ್ಸಿನಾವರಿಗೆ, ಹಿಂಗ ಆಗೂದು ಜಾಸ್ತಿ ಅಂತ. ನಾ ಅವತ್ತ ರಾತ್ರಿ ಅದನ್ನ ಹಿಂಗ ತಿಳಕೊಂಡ್ನಿ, ಮನ್ಯಾಗ ಕಳವಾಗೈತಿ, ಬಾಗಲಾ ಕಿಡಕಿ ಎಲ್ಲಾ ಗಟ್ಟಿ ಅದಾವ. ಅಂದ್ರ ಏನು? ಕಳ್ಳಗ ದಾರಿ ಗೊತ್ತೈತಿ, ಮತ್ತ ಬರ್ತಾನ.

ನೀರ ಕೊಡು ಜರಾ. ಬ್ಯಾಡ, ತಂಪಂದ ಬ್ಯಾಡ.

ಕಾರಣಾ ಏನೇನ ಇರಬಹುದು ಅಂತ ಚೀಟಿ ಹಿಂದ ಬರದ ತೋರಿಸಿದ. ಸಣ್ಣ ಗಡ್ಡಿ ರಕ್ತ ಹೆಪ್ಪಗಟ್ಟಿ ಬಂದು ಸಿಕ್ಕೊಂಡು ತಾನ ಕರಗಿರಬಹುದು. ನಳಿ ಗ್ವಾಡಿ ಒಳಗಿನ ಪದರ ಸೀಳಿರಬಹುದು. ಜ್ವರದ ಕ್ರಿಮಿಯಿಂದ ಹಾರ್ಟಿಗೆ ಬಾವು ಬಂದಿರಬಹುದು, ಅದು ಅಟ್ಯಾಕಿನ ಹಂಗ ಕಾಣತೈತಂತ. ನಳಿ ತಾನ ಮುಷ್ಟಿ ಹಿಡದಂಗ ಬಿಗದು, ತಾನ ಬಿಟ್ಟಿರಬಹುದು. ಇಲ್ಲಾ, ಒಮ್ಮೆಲೆ ದೊಡ್ಡ ಆಘಾತ ಆದ್ರ, ಯಾರರ ಸತ್ತ ಸುದ್ದಿ, ದೊಡ್ಡ ಜಗಳಾ, ಹಾರ್ಟು ಗಡಿಗಿ ಹಂಗ ಉಬ್ಬಿಬಿಡತೈತಂತ. ದುಃಖದ ಹಾರ್ಟು.

ಅದನ್ನ ಕೇಳಿದ ಕೂಡಲೇ ನಿಮ್ಮಣ್ಣ ಕುರ್ಚಿ ಬಿಟ್ಟ ಎದ್ರು. ಅದ, ಡಾಕ್ಟರ್, ಅದ ಆಗೇದ, ನನ್ನ ತಂಗಿ ಹಿಂಗ ಅಂದ್ಲು ಅಂತ ಎಲ್ಲಾ ಹೇಳಿದ್ರು. ಡಾಕ್ಟರ್ ನನ್ನ ಮಾರಿ ನೋಡಿದ. ಖರೇ ಏನ್ರಿ ಮೇಡಂ ಅಂದ.

ನಾ ಹೂಂ ಅಂದ್ನಿ.

...ಹಂಗ ನೋಡಬ್ಯಾಡ. ಹೂಂ ಅಂದ್ನಿ. ಮನಸ್ಸಿಗೆ ಹತ್ತಿತ್ರಿ ಅಂದ್ನಿ.

ಮತ್ತೂ ಕೇಳಿದ. ತಲಿನೋವಿನ ಮಾತ್ರಿ ತಗೋತೀರೇನು, ಜ್ವರಾ ಬಂದಿತ್ತೇನು, ಮನ್ಯಾಗ ಯಾರಿಗರ ಹಿಂಗ ಆಗಿತ್ತೇನು. ಕಡೀಕ, ಬೀಡಿ ಸಿಗರೇಟ, ತಂಬಾಕದ್ದ ಏನರ ಅಂತ. ನಿಮ್ಮಣ್ಣ ನಕ್ರು. ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ತಿನ್ನೂದಿಲ್ರಿ, ಹೊತ್ತ ಮುಳಗಿದಮ್ಯಾಲ ಊಟಾ ಇಲ್ಲ ಅಂದ್ರು. ನಾ ಸುಮ್ಮನ ಇರಬೇಕೋ ಬ್ಯಾಡೋ, ಬೀಡಿ ಅಂದ್ರ ನನ್ನ ತವರೂರ ಹೆಸರ ರೀ ಅಂದ್ನಿ. ನರ್ಸು ನಕ್ಲು, ಡಾಕ್ಟರ್ ನಕ್ಕ, ಆ ಪ್ರಶ್ನೆ ಹಂಗ ಮುಂದ ಹೋತು.

ನೀ ನಗವಲ್ಲಿ.

ಆಮ್ಯಾಲ ಎಂಆರ್‌ಐ. ಸಿಮೆಂಟ ಪೈಪಿನ್ಯಾಗ ಮಲಗಿಸಿದಂಗ ಪೂನಮ್. ಕಿವಿಗೆ ಹತ್ತಿ, ಕೈಯಾಗ ಒಂದ ಗುಂಡಿ, ಅಂಜಿಕಿ ಆದ್ರ ಒತ್ರಿ ಅಂದ್ರು. ಅಂಜಿಕಿ ಆದ್ರ ಅಂತ! ಉಸರ ಹಿಡೀರಿ, ಬಿಡ್ರಿ, ಹಿಡೀರಿ, ಬಿಡ್ರಿ. ಒಳಗ ಯಾರೋ ತಗಡ ಬಡದಂಗ ಸಪ್ಪಳ. ಮುಕ್ಕಾಲ ತಾಸು. ನಾ ಣಮೋಕಾರ ಮಂತ್ರ ಸುರು ಮಾಡ್ತಿದ್ನಿ, ನಡೂವ ಉಸರ ಹಿಡೀರಿ ಅಂತಿದ್ರು, ಮಂತ್ರ ಅಲ್ಲೇ ನಿಲ್ತಿತ್ತು. ಒಂದ ಸಲಾನೂ ಪೂರಾ ಆಗಲಿಲ್ಲ.

ರಿಪೋರ್ಟ್ ಬಂತು. ಹಾರ್ಟ್ ಉಬ್ಬಿಲ್ಲ. ಬಾವಿಲ್ಲ. ಕೆಳಗ ಒಂದ ಕಡೆ ಸಣ್ಣ ಕಲಿ ಐತಿ, ಹುಣಸಿ ಬೀಜದಷ್ಟು, ಅಲ್ಲಿ ರಕ್ತಾ ಮುಟ್ಟದ ಸ್ನಾಯು ಸತ್ತೈತಿ. ಅಂದ್ರ ಅಲ್ಲಿಗೆ ಹೋಗೂ ನಳಿ ಒಂದಷ್ಟ ಹೊತ್ತು ಮುಚ್ಚಿ, ಮತ್ತ ತೆರದೈತಿ. ಬಹುಶಃ ತಾನ ಬಿಗದೈತಿ ಅಂದ ಡಾಕ್ಟರ್. ದುಃಖದ ಹಾರ್ಟ್ ಅಲ್ರಿ ಇದು ಅಂದ. ಸ್ಪಷ್ಟ ಅಂದ. ನಿಮ್ಮ ನಾದಿನಿ ಮಾತಿನಿಂದ ಅಲ್ಲ ಅಂತನೂ ಅಂದ, ನಕ್ಕೋತ.

ಅಂದ್ರ ನಿನ್ನಿಂದ ಅಲ್ಲ, ಪೂನಮ್. ತಿಳೀತಿಲ್ಲೋ? ನಿನ್ನ ಮಾತಿಗೂ ನನ್ನ ಎದಿಗೂ...

ನಿನಗ ಖುಷಿ ಆಗಬೇಕಿತ್ತಲ್ಲ.

ಯಾವಾಗ ಬಂತಾ? ರಿಪೋರ್ಟಾ? ಬೆರಳ ಮಾಡಿ ಯಾಕ ಕೇಳ್ತಿ, ನನಗ ತಿಳದೈತಿ ನೀ ಏನ ಕೇಳಾಕತ್ತಿ ಅಂತ. ಎಂಟ ದಿನಾ ಆತು. ಎಂಟ ದಿನದಿಂದ ನನ್ನ ಕಪಾಟಿನ್ಯಾಗ ಐತಿ. ನಿಮ್ಮಣ್ಣ ಅವತ್ತ ಗಾಡಿ ಹಚ್ಚಾಕ ಹೋಗಿದ್ರು, ಡಾಕ್ಟರ್ ಹೇಳಿದ್ದ ಅವರಿಗೆ ಕೇಳಿಲ್ಲ. ಏನಂದ ಅಂದ್ರು. ಇನ್ನೂ ಗೊತ್ತಾಗಿಲ್ಲಂತ್ರಿ, ಇನ್ನೊಂದ ಟೆಸ್ಟ್ ಅಂತ ಅಂದ್ನಿ.

ಎಂಟ ದಿನಾ ನೀ ಇಲ್ಲಿ ಬಾಯಿ ಮುಚ್ಚಿ ಕುಂತಿದ್ದಿ, ನಾ ಅಲ್ಲಿ ಕಪಾಟಿಗೆ ಕೀಲಿ ಹಾಕಿ ಕುಂತಿದ್ನಿ.

ಬೈ. ಪಾಟಿ ತಗೋ, ಬೇಕಾರ ಬರದ ಬೈ. ಯಾಕ ಮುಟ್ಟವಲ್ಲಿ?

ನಾಳಿ ಏನ ಮಾಡ್ತಾರ ಗೊತ್ತೇನು? ಮತ್ತ ತಂತಿ ಹಾಕ್ತಾರ. ಹಾಕಿ, ನಳಿಯೊಳಗ ಒಂದ ಔಷಧಾ ಬಿಡ್ತಾರ. ಬಿಗಿಯೂ ಸ್ವಭಾವದ ನಳಿ ಇದ್ರ ಅದು ಅಲ್ಲೇ ಅವರ ಕಣ್ಣ ಮುಂದ ಬಿಗೀತೈತಿ. ಬೇಕಂತ ನೋವು ತರಸ್ತಾರ, ನೋಡ್ತಾರ, ಕೂಡಲೇ ಬಿಡಿಸೂ ಔಷಧಾ ಹಾಕ್ತಾರ. ನಾವ ಬಾಜುಕ ಇರ್ತೇವಲ್ರಿ ಅಂತಾನ ಡಾಕ್ಟರ್. ಬಾಜುಕ ಇರ್ತಾರ, ಖರೇ. ನಳಿ ನಂದು. ಆ ಒಳಕಲ್ಲ ಮತ್ತ ಎದಿ ಮ್ಯಾಲ ಬರತೈತೆಲ್ಲ, ಗೊತ್ತಿದ್ದು ಗೊತ್ತಿದ್ದು ಅದರ ಕೆಳಗ ಹೋಗಿ ಮಲಗಬೇಕು.

ಆದ್ರ ಅದಕ್ಕಿಂತ ಹೆಚ್ಚಿಂದು ಹೇಳ್ತೇನಿ. ನಿನ್ನಿ ನನ್ನ ಒಬ್ಬಾಕಿನ್ನ ಕರದು ಕುಂಡರಿಸಿದ ಆ ಡಾಕ್ಟರ್. ನಿಮ್ಮ ವಯಸ್ಸು, ನಿಮ್ಮ ಊಟಾ, ಶುಗರ್ ಇಲ್ಲ, ಬಿಪಿ ಇಲ್ಲ, ಇಂಥಾ ನಳಿ ಸುಮ್ಮನ ಬಿಗಿಯೂದು ಕಮ್ಮಿ ಮೇಡಂ ಅಂದ. ಏನೋ ಒಂದ ಅದನ್ನ ಕೆಣಕ್ತಿರಬೇಕು. ಕೆಣಕೂದು ನಿಲ್ಲಲಿಲ್ಲಂದ್ರ ನಾ ಏನ ಮಾತ್ರಿ ಕೊಟ್ರೂ ಅಷ್ಟ. ಎಲ್ಲಾ ಹಾರ್ಟಿನ ಮಾತ್ರಿ ಎಲ್ಲಾರಿಗೂ ನಡಿಯೂದಿಲ್ಲ, ಕೆಲವೊಂದ ಇದಕ್ಕ ಉಲ್ಟಾ ಹೊಡೀತಾವ. ಮುಂದಿನ ಸಲ ನಳಿ ಬಿಗದು ಬಿಡಲಿಲ್ಲಂದ್ರ? ಅಂತ ಅಂದ. ನೋವು ಹೆಚ್ಚ ಯಾವಾಗ ಬರತೈತಿ ಅಂತ ಕೇಳಿದ. ಬೆಳಕ ಹರಿಯೂ ಮದಲ ಅಂದ್ನಿ.

ಅಂದಬಿಟ್ನಿ. ಬಾಯಿ ಜಾರಿತು. ಯಾಕಂದ್ರ ನಿಮ್ಮ ಮನಿ ಲೆಕ್ಕದಾಗ ನನಗ ನೋವು ಬಂದದ್ದು ಒಂದ ಸಲ, ಮುಂಜಾನಿ ಎಂಟಕ್ಕ, ನಿನ್ನ ಮಾತಿನ ಬೆನ್ನ ಹಿಂದ.

ಅದಕ್ಕಿಂತ ಮದಲ ಬಂದಿತ್ತು ಪೂನಮ್. ಮೂರ ಸಲ. ಪರ್ವ ಸುರು ಆಗೂ ಮುಂಚೆ ಒಂದ ಸಲ, ನಡೂವ ಒಂದ ಸಲ, ಅವತ್ತಿನ ಮುಂಜಾನಿ ಐದೂವರಿಗೆ ಒಂದ ಸಲ. ನೀ ಇನ್ನೂ ಬಸ್ ಹತ್ತಿರಲಿಲ್ಲ ಆವಾಗ. ಹತ್ತ ನಿಮಿಷ ಹಿಂಡಿ ಬಿಡ್ತಿತ್ತು. ನಾ ಬಚ್ಚಲ ಕಟ್ಟಿ ಮ್ಯಾಲ ಕುಂತು, ಹೋಗತೈತಿ, ಹೋಗತೈತಿ ಅಂತಿದ್ನಿ. ಹೋಗ್ತಿತ್ತು.

ಬಚ್ಚಲದಾಗ ಯಾಕ ಅಂತ ಕೇಳು.

ಕೇಳು. ಕಣ್ಣಲೆ ಕೇಳು, ಸಾಕು.

ಕೇಳವಲ್ಲಿ ನೀನು.

ಮಶೇರಿ, ಪೂನಮ್. ನಾ ಮಶೇರಿ ಹಚ್ಚತೇನಿ. ಹೂಂ, ಅದ, ತಂಬಾಕಿನ ಎಲಿ ಹಂಚಿನ ಮ್ಯಾಲ ಕರ್ರಗ ಹುರದು ಪುಡಿ ಮಾಡ್ತಾರಲ್ಲ, ಹಲ್ಲಿಗೆ ತಿಕ್ಕೂದು. ಬೀಡಿಯೊಳಗ ನಮ್ಮ ತವರಮನಿ ಬಾಜುಕ ಭರಮವ್ವ ಅಂತ ಮುದುಕಿ ಇದ್ಲು. ಬಾಣಂತನಕ್ಕ ಹೋದಾಗ ದವಡಿ ನೋವು ಅಂದಿದ್ಕ ಒಂದ ಚಿವಟಿ ಕೊಟ್ಲು. ದವಡಿ ನೋವು ಹೋತು, ಇದ ಉಳೀತು. ಹತ್ತೊಂಬತ್ತ ವರ್ಷ. ಬೆಳಕ ಹರಿಯೂ ಮದಲ ಹತ್ತ ನಿಮಿಷ, ಬಚ್ಚಲ ಬಾಗಲಾ ಹಾಕ್ಕೊಂಡು. ತಲಿ ಹಗರ ಆಗತೈತಿ, ಕೈಕಾಲಿಗೆ ಜೀವ ಬಂದಂಗ ಆಗತೈತಿ. ಆಮ್ಯಾಲ ಲವಂಗ, ಆಮ್ಯಾಲ ಪೇಸ್ಟು, ಆಮ್ಯಾಲ ಮಡಿ, ಆಮ್ಯಾಲ ಬಸದಿಗೆ ಹೂವು. ವರ್ಷಾ ವರ್ಷಾ ಕಾಲೇಜಿನಾಗ ತಂಬಾಕು ಮುಟ್ಟೂದಿಲ್ಲ ಅಂತ ಹುಡುಗೂರ ಕಡಿಂದ ಪ್ರತಿಜ್ಞಾ ಮಾಡಿಸಾಕಿನೂ ನಾನ. ಕೈ ಮುಂದ ಮಾಡಿ ಎಲ್ಲಾರಕಿಂತ ಜೋರ ಹೇಳಾಕಿ.

ಅತ್ತಿನ್ನ ಯಾಕ ಕಳಸಲಿಲ್ಲ ಅಂದ್ರ ಅದಕ್ಕ. ಅತ್ತಿ ಇದ್ರ ಮುಂಜಾನಿ ಒಲಿ ಅವರ ಹಚ್ಚತಾರ, ಪೂಜಿ ಸಾಮಾನ ಅವರ ತಿಕ್ಕತಾರ. ಅವರು ಹ್ವಾದ್ರ ನನ್ನ ಹತ್ತ ನಿಮಿಷ ಹೋಗತಾವ. ಅದಕ್ಕ ಮಣಕಾಲು, ಮೆಟ್ಟಲಾ, ಮಳಿ. ನೀ ಕೇಳಿದ ಪ್ರಶ್ನೆ ಸರಿ ಇತ್ತು.

ಅವತ್ತ ನಿನ್ನ ಮಾತ ಕೇಳಿ ಸಿಟ್ಟ ಬಂತು. ಸಿಟ್ಟಿನ್ಯಾಗ ಎದ್ದು ಹೋಗಿ ಎರಡನೇ ಸಲ ಹಚ್ಚಿದ್ನಿ. ದಿನಾ ಹಚ್ಚೂದರ ದುಪ್ಪಟ್ಟು. ಅದರ ಮ್ಯಾಲ ಬಂದದ್ದು ಆ ನೋವು. ನಿನ್ನ ಮಾತಿಗೂ ನನ್ನ ಎದಿಗೂ ನಡೂವ ಒಂದ ಡಬ್ಬಿ ಇತ್ತು, ಅದನ್ನ ಯಾರೂ ನೋಡಲಿಲ್ಲ. ಮಂದಿಗೆ ನಿನ್ನ ಮಾತ ಒಂದ ಕೇಳಿತ್ತು. ನನಗೂ ಅನುಕೂಲ ಆತು. ನಾದಿನಿ ಮಾತಿಗೆ ಬಿದ್ದಾಕಿ ಅಂದ್ರ ಅಯ್ಯೋ ಪಾಪ ಅಂತಾರ. ಮಶೇರಿ ಹಚ್ಚಿ ಬಿದ್ದಾಕಿ ಅಂದ್ರ? ಅತ್ತಿ ನನ್ನ ಕೈಲೆ ನೀರರ ಕುಡೀತಾರೇನು? ನಿಮ್ಮಣ್ಣ...

ಮತ್ತ ಕೇಳು, ಅರ್ಧಾ ಹೇಳಿ ಬಿಡಂಗಿಲ್ಲ. ಆಸ್ಪತ್ರಿಯಿಂದ ಬಂದಮ್ಯಾಲೂ ಹಚ್ಚಿದ್ನಿ. ಕಾಲೇಜ ಬ್ಯಾಗಿನ್ಯಾಗ ಇನ್ನೊಂದ ಡಬ್ಬಿ ಇತ್ತು. ಮೊನ್ನೆ ಬೇಸ್ತವಾರ, ಒಂದ ಚಿವಟಿ, ಅಷ್ಟ. ಐದ ನಿಮಿಷದಾಗ ಒಳಕಲ್ಲು. ಮಾತ್ರಿ ನಾಲಿಗಿ ಕೆಳಗ ಇಟ್ಟಕೊಂಡ ಗ್ವಾಡಿಗೆ ಒರಗಿ ಕುಂತ್ನಿ. ಹೊರಗ ಅತ್ತಿ ಜಪಾ ಮಾಡೂದ ಕೇಳತಿತ್ತು, ಚಿಲಕಾ ತಗದು ಕರೀಬೇಕಂದ್ರ ಬಾಯಿ ಕರ್ರಗಿತ್ತು. ಸತ್ರೂ ಚಿಂತಿಲ್ಲ, ಮದಲ ಬಾಯಿ ತೊಳಕೋಬೇಕು ಅಂತ ಅನಿಸಿತು ನನಗ. ಖರೇ. ಹಂಗ ಅನಿಸಿತು. ತೆವಳಕೋತ ನಳದ ಕಡೆ ಹೋದ್ನಿ. ಅವತ್ತಿಂದ ನನಗ ನನ್ನದ ಅಂಜಿಕಿ.

ಡಾಕ್ಟರಗ ಹೇಳಿಲ್ಲ. ನಿನ್ನಿನೂ ಇಲ್ರಿ ಅಂತನ ಅಂದ ಬಂದೇನಿ. ನಾಳಿ ಸಹಿಗೆ ನಿಮ್ಮಣ್ಣ ಬರ್ತಾರ.

ಇಷ್ಟ. ಇದ ಕಡೀದು. ಇನ್ನ ಏನೂ ಉಳದಿಲ್ಲ. ಪೂರ್ತಿ ಆರಾಮ ಆಗೂತನಕ ಅಂದಿದ್ದೆಲ್ಲ, ನನ್ನ ಜಡ್ಡು ಏನಂತ ಈಗ ನಿನಗ ಗೊತ್ತಾತು. ನಿಂದೇನ ತಪ್ಪಿಲ್ಲ. ವ್ರತಾ ಬಿಡು. ಏನರ ಅನ್ನು. ಛೀ ಅನ್ನು. ಹೊರಗ ನಡೀರಿ ಅನ್ನು.

ಪೂನಮ್.

...ನೀ ಯಾಕ ಬೆರಗ ಆಗಲಿಲ್ಲ?

ನಾ ಮಶೇರಿ ಅಂದ್ನಿ. ಮಶೇರಿ. ನಿಮ್ಮ ಮನಿ ದೊಡ್ಡ ಸೊಸಿ. ನಿನ್ನ ಜಾಗಾದಾಗ ನಾ ಇದ್ರ ಈ ಹೊತ್ತಿಗೆ ಓಣಿ ಮಂದಿ ಕೂಡ್ತಿತ್ತು. ನೀ ಕಣ್ಣ ಸುದ್ದಾ ಪಿಳಕಸಲಿಲ್ಲ. ವ್ರತಾ ಬಾಯಿಗೆ ಇರತೈತಿ, ಮಾರಿಗೆ ಇರೂದಿಲ್ಲ. ರಿಪೋರ್ಟ್ ಬಂದ ಎಂಟ ದಿನಾ ಆತು ಅಂದಾಗ ನಿನ್ನ ಮಾರಿ ಬದಲಾತು, ನಾ ನೋಡೇನಿ. ಇದಕ್ಕ ಬದಲಾಗಲಿಲ್ಲ.

ತಡಿ.

ತಡಿ, ತಡಿ. ಬಚ್ಚಲ ಚಿಲಕಾ ಮುರದು ಮದಲ ಒಳಗ ಬಂದಾಕಿ ನೀನಲ್ಲ? ಅತ್ತಿಗೆ ಮಣಕಾಲು. ನಿಮ್ಮಣ್ಣ ಬಸದ್ಯಾಗ ಅಭಿಷೇಕಕ್ಕ ಹೋಗಿದ್ರು. ಹತ್ತ ದಿನಾ ಅನ್ನಾ ಇಲ್ಲದ ನೀನು, ಹೆಂಗ ಮುರದಿ ಆ ಬಾಗಲಾ?

ನಾ ಬಾಯಿ ತೊಳಕೊಂಡಿರಲಿಲ್ಲ. ಹಚ್ಚಿಕೊಂಡ ಬಾಯಿಲೆ ಬಿದ್ದೇನಿ, ನೆನಪೈತಿ ನನಗ. ಆಸ್ಪತ್ರಿ ಬಾಗಲದಾಗ ಬಾಯಿ ತಗೀರಿ ಅಂತ ಮಾತ್ರಿ ಪುಡಿ ಮಾಡಿ ಹಾಕಿದ್ರು, ಯಾರೂ ಏನೂ ಅನಲಿಲ್ಲ. ಯಾಕಂದ್ರ ಬಾಯಿ ಸ್ವಚ್ಛ ಇತ್ತು. ಹಲ್ಲ, ತುಟಿ, ಗದ್ದಾ, ಎಲ್ಲಾ. ಸೀರಿ ಸೆರಗೂ ತೊಳದಂಗ ಹಸಿ ಇತ್ತು. ಅತ್ತಿ ನೀರ ಹಾಕಿರಬೇಕು ಅಂತ ತಿಳಕೊಂಡಿದ್ನಿ ನಾ. ಅತ್ತಿ ಒಳಗ ಬಂದೇ ಇಲ್ಲ. ಡಬ್ಬಿ ಮೋರಿಗೆ ಹೋಗಿರಬೇಕು ಅಂತ ತಿಳಕೊಂಡಿದ್ನಿ.

ನೀ ತೊಳದಿ.

ಹೌದಲ್ಲ? ನಿನ್ನ ಕೈಲೆ ನನ್ನ ಬಾಯಿ ತೊಳದಿ. ನೋಡಿದಿ, ತಿಳಕೊಂಡಿ, ತೊಳದಿ, ಆಮ್ಯಾಲ ಒದರಿದಿ ಅತ್ತೀನ್ನ.

ನಿಮ್ಮಣ್ಣ ನಿನಗ ಹೊಸ್ತಲಾ ದಾಟಬ್ಯಾಡ ಅಂದಾಗ ನಿನ್ನ ಕಡೆ ಉತ್ತರ ಇತ್ತು. ಒಂದ ಮಾತು. ಒಂದ ಮಾತ ಅಂದಿದ್ರ ನಿನ್ನ ತವರು ನಿನಗ ಉಳೀತಿತ್ತು. ನೀ ಬಾಯಿ ತಗದ್ರ ಅದ ಮಾತ ಬರತೈತಿ ಅಂತ ನಿನಗ ಗೊತ್ತಿತ್ತು, ಯಾಕಂದ್ರ ನಿನ್ನ ಬಾಯಿ ನಿನಗ ಗೊತ್ತು. ಅದಕ್ಕ ಪೂರಾ ಮುಚ್ಚಿಬಿಟ್ಟಿ. ಎಲ್ಲಾರೂ ಪ್ರಾಯಶ್ಚಿತ್ತ ಅಂದ್ರು. ನಾನೂ ಹಂಗ ತಿಳಕೊಂಡ್ನಿ, ಗಾಡ್ಯಾಗ ಬರಬೇಕಾದ್ರ ಸುದ್ದಾ, ಪಾಪ, ಸುಳ್ಳ ತಪ್ಪಿಗೆ ವ್ರತಾ ಹಿಡದಾಳ, ಹೋಗಿ ಬಿಡಸ್ತೇನಿ ಅಂತ ದೊಡ್ಡಾಕಿ ಹಂಗ ಬಂದ್ನಿ.

ಅಳಬ್ಯಾಡ. ನೀ ಅತ್ರ ನನಗ ಉಸರ ಸಿಗೂದಿಲ್ಲ. ಇಲ್ಲ, ನೋವಲ್ಲ ಇದು. ನೋವ ಹೆಂಗಿರತೈತಿ ಅಂತ ನನಗ ಗೊತ್ತೈತಿ, ಇದು ಅದಲ್ಲ.

ಈ ಕಡೆ ಸರಿ. ನನ್ನ ಫೋನ್ ಎಲ್ಲಿ ಐತಿ... ಬ್ಯಾಡ, ತಡೀಬ್ಯಾಡ ನನ್ನ. ಕೈ ಬಿಡು. ಈಗ ಮಾಡಲಿಲ್ಲಂದ್ರ ಮತ್ತ ಮಾಡೂದಿಲ್ಲ ನಾ, ನಾಕ ಗಂಟೇಕ ಗಾಡಿ ಹತ್ತತೇನಿ, ಹೊತ್ತ ಮುಳಗೂದರಾಗ ಉಣ್ಣತೇನಿ, ಮುಂಜಾನಿ ಸಹಿ ಮಾಡಿಸ್ತೇನಿ, ತಂತಿ ಹಾಕಿಸ್ಕೋತೇನಿ, ಮತ್ತ ಇಲ್ರಿ ಅಂತೇನಿ. ಹತ್ತೊಂಬತ್ತ ವರ್ಷ ರೂಢಿ ಐತಿ ನನಗ.

ರಿಂಗ್ ಆಗಾಕತ್ತೈತಿ. ಅಲ್ಲ, ಕೈ ಬಿಡು ಅಂದಿದ್ನೆಲ್ಲ, ಬಿಡಬ್ಯಾಡ. ಹಿಡಕೋ.

ಹಲೋ. ಏನ್ರಿ... ನಾನ. ಇಲ್ಲ, ಕಾಲೇಜಿನಾಗಿಲ್ಲ. ಖಾನಾಪುರದಾಗ ಅದೇನಿ. ಪೂನಮ್ ಮನ್ಯಾಗ. ಒದರಬ್ಯಾಡ್ರಿ, ಆರಾಮ ಅದೇನಿ. ಇಲ್ಲ. ಇಲ್ರಿ, ಆಕಿ ಏನೂ ಅಂದಿಲ್ಲ. ಇಷ್ಟ ಹೊತ್ತು ಎದರಿಗೆ ಕುಂತಾಳ, ಒಂದ ಮಾತ ಅಂದಿಲ್ಲ. ನಾ ಹೇಳೂದೈತಿ. ನೀವ ಮದಲ ಎಲ್ಲೆರ ಕುಂದರ್ರಿ.

ಕುಂತ್ರೇನು?